ಮಾವ ಮರೆಯಬಾರದೆಂದು

ಆಗಂಗಿಲ್ಲ ಅಂದವರು ನಮ್ಮ ಸೋದರಮಾವ. ನಮ್ಮವ್ವನ ಬೆನ್ನಿಗೆ ಹುಟ್ಟಿದ ತಮ್ಮ, ಸೇಡಂನಲ್ಲಿ ತೊಗರಿ ಅಡತಿ, ಅಂದರೆ ದಲಾಲಿ ಅಂಗಡಿ, ಇಟ್ಟಿದ್ದ ಸಾಹುಕಾರ. ಮಠದ ಅಂಗಳದಲ್ಲಿ, ತುಲಾಭಾರದ ತಕ್ಕಡಿಯ ಒಂದು ತಟ್ಟೆಯಲ್ಲಿ ಕಾಲು ಮಡಚಿ ಕೂತಿದ್ದರು. ಇನ್ನೊಂದು ತಟ್ಟೆಗೆ ಆಳುಗಳು ಬೆಲ್ಲದ ಪೆಂಟಿ ಏರಿಸುತ್ತಿದ್ದರು. ಅಲ್ಲಿ ಕೂತೇ ಆ ಮಾತು ಅಂದರು.

ಮಾವ ವರ್ಷಕ್ಕೊಮ್ಮೆ, ಮುಂಗಾರು ಬಿತ್ತನೆಗೆ ಮುಂಚೆ, ತಮ್ಮ ತೂಕದ ಬೆಲ್ಲವನ್ನು ಮಠದ ದಾಸೋಹಕ್ಕೆ ಕೊಡುವ ಹರಕೆ ಹೊತ್ತಿದ್ದರು. ಹೋದ ವರ್ಷಕ್ಕಿಂತ ಈ ವರ್ಷ ಬೆಲ್ಲ ಜಾಸ್ತಿ ಹಿಡಿಯಬೇಕು. ಹಿಡಿದರೆ ಕೂಡಿದ ಮಂದಿ ತಲೆದೂಗುತ್ತಿದ್ದರು. "ಸಾಹುಕಾರ್ರದು ಈ ಸಲ ಧಂದೆ ಚಲೋ ಆಗೇದ" ಅನ್ನುತ್ತಿದ್ದರು. ನಮ್ಮ ಕಡೆ ಗಂಡಸಿನ ಹೊಟ್ಟೆಯನ್ನು ಹಾಗೆ ಓದುತ್ತಾರೆ.

ನಮ್ಮಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸದವನು. ಅವನ ಕಡೆ, ಅವ್ವನ ಕಡೆ, ಎರಡೂ ಕಡೆ ಸೇರಿಸಿದರೂ ಕಾಲೇಜಿನ ಗೇಟು ದಾಟಿದವರು ಒಬ್ಬರಿರಲಿಲ್ಲ. ನಾನು ಪಿಯುಸಿ ಸೈನ್ಸ್ ಪಾಸಾಗಿದ್ದೆ. ದಿನಾ ಗುಲ್ಬರ್ಗಕ್ಕೆ ರೈಲಿನಲ್ಲಿ ಹೋಗಿ ಬರುವುದಕ್ಕೆ ಅಪ್ಪ ಒಪ್ಪಲಿಲ್ಲ. ಸೇಡಂನಲ್ಲಿ ಕಾಲೇಜಿದೆ, ಮಾವನ ಮನೆ ಇದೆ, ಅಲ್ಲಿದ್ದರೆ ಓದಲಿ ಅಂದ. ಅದಕ್ಕೇ ಅವತ್ತು ಮಠಕ್ಕೆ ಬಂದು, ಕೈ ಕಟ್ಟಿ ನಿಂತು, ಮಾವನನ್ನು ಕೇಳಿದ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ದಪ್ಪ ಇದ್ದೆ. ಚಿಕ್ಕಂದಿನಿಂದ ದಪ್ಪವೇ, ಅವ್ವನ ಹಾಗೆ.

"ಇಕಿ? ಡಿಗ್ರಿ?" ಅಂದರು. "ಮೈ ನೋಡ್ರಿ ಇಕಿದು. ತಿಂದದ್ದೆಲ್ಲ ಮೈಗೇ ಹತ್ತೇದ, ತಲಿಗೆ ಏನ್ ಉಳದಿರತದ? ನಮ್ಮಕ್ಕನ ಮಗಳು, ನಮ್ಮಕ್ಕನಂಗೇ ಇರ್ತಾಳ. ಇರಲಿ, ಇಟ್ಕೋತೀನಿ. ಇಕಿ ಕೈಯಾಗ ಡಿಗ್ರಿ ಬಂತಂದ್ರ ಎಲ್ಲರ ಮುಂದ ಎದ್ದು ನಿಂತು ನನ್ನ ಮಾತು ವಾಪಸ್ ತಗೋತೀನಿ. ಆದ್ರ ಆಗಂಗಿಲ್ಲ."

ಮಂದಿ ನಕ್ಕರು. ಅವ್ವನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ತಮ್ಮ ಸಾಹುಕಾರ, ನಗದಿದ್ದರೆ ಹೇಗೆ? ಅದಕ್ಕೆ ನಾನು ಆ ಮಾತನ್ನು ಇಬ್ಬರ ಪಾಲಿನದೂ ಸೇರಿಸಿ ಎದೆಯಲ್ಲಿಟ್ಟುಕೊಂಡೆ. ನನ್ನದೊಂದು, ಅವ್ವನದೊಂದು. ಮಾವ ಆ ಮಾತು ಮುಗಿಸಿದಾಗಲೂ ಅವರ ತಟ್ಟೆ ನೆಲ ಬಿಟ್ಟು ಎದ್ದಿರಲಿಲ್ಲ. ಇನ್ನೂ ಬೆಲ್ಲ ಬೇಕಾಗಿತ್ತು.

ಒಂದು ವರ್ಷ ಫೇಲಾದರೂ ಓದು ಬಂದ್ ಅನ್ನುವುದು ಕರಾರು. ಚಂದಾಪುರದಲ್ಲಿ ಹೆಂಡತಿ ಸತ್ತ ಕಿರಾಣಿ ಅಂಗಡಿಯವನೊಬ್ಬನನ್ನು ಮಾವ ನನಗೆ ಗಂಡು ಅಂತ ಆಗಲೇ ನೋಡಿಟ್ಟಿದ್ದರು.

ಮುಂದೆ ಅಡತಿ, ಹಿಂದೆ ಮನೆ. ಮಾಳಿಗೆಯ ಕೋಣೆಯಲ್ಲಿ ತೊಗರಿ ಚೀಲಗಳ ನಡುವೆ ನನ್ನ ಚಾಪೆ. ಬಿ.ಎಸ್ಸಿ. ಸೇರಿದೆ. ಊಟಕ್ಕೆ ಕೂತಾಗ ದಿನಾ ಒಂದೇ ನಾಟಕ. ಮಾವನ ತಾಟಿಗೆ ಅವರ ಹೆಂಡತಿ, ನಮ್ಮ ಅತ್ತಿ, ತುಪ್ಪದ ಗಿಂಡಿ ಬಗ್ಗಿಸಿದರೆ ಅವರು ಬೇಡ ಅನ್ನಬೇಕು, ಅತ್ತಿ ಕೇಳಬಾರದು. ನನ್ನ ತಾಟಿಗೆ ಎರಡನೇ ರೊಟ್ಟಿ ಬಿದ್ದರೆ ಮಾವ ಅಲ್ಲಿಂದಲೇ, "ಸಾಕು ಬಿಡು ಇಕಿಗೆ, ಪುಸ್ತಕದ ಮ್ಯಾಲ ಗೊರಕಿ ಹೊಡಿತಾಳ" ಅನ್ನುತ್ತಿದ್ದರು. ಗೊರಕೆ ಹೊಡೆಯುತ್ತಿದ್ದವರು ಅವರು. ಮಧ್ಯಾಹ್ನ ಗಾದಿಯ ಮೇಲೆ ಕೂತಲ್ಲೇ ನಿದ್ದೆ. ಗೊರಕೆ ಏರಿ ಏರಿ ಒಮ್ಮೆಲೇ ನಿಂತುಬಿಡುತ್ತಿತ್ತು, ಉಸಿರೂ ನಿಲ್ಲುತ್ತಿತ್ತು, ಆಮೇಲೆ ನೀರಿನಿಂದ ಎದ್ದವರ ಹಾಗೆ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಆಳುಗಳು ನಗುತ್ತಿದ್ದರು. ಅದು ನಗುವ ವಿಷಯ ಅಲ್ಲ ಅಂತ ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಆದರೆ ಧಂದೆಯಲ್ಲಿ ಮಾವನ ತಲೆ ಚೂಪು, ಅದನ್ನು ಒಪ್ಪಲೇಬೇಕು. ಹಳೇ ದಲಾಲರು ಇನ್ನೂ ಟವೆಲ್ಲಿನ ಕೆಳಗೆ ವ್ಯಾಪಾರ ಮಾಡುತ್ತಿದ್ದ ಕಾಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹಾಕಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ದರ ಹೇಳುವುದು. ಎಷ್ಟು ಬೆರಳು, ಯಾವ ಬೆರಳು, ಎಲ್ಲಿ ಒತ್ತಿದ್ದು, ಎಲ್ಲಕ್ಕೂ ಅರ್ಥ ಇದೆ. ಬಾಯಿ ಅಲುಗುವುದಿಲ್ಲ, ಪಕ್ಕದವನಿಗೆ ಸುಳಿವು ಸಿಗುವುದಿಲ್ಲ. ಮಾವ ಆಕಡೆ ಮೋರೆ ಮಾಡಿ ಚಹಾ ಕುಡಿಯುತ್ತ, ಈಕಡೆ ಟವೆಲ್ಲಿನಲ್ಲಿ ಲಾರಿಗಟ್ಟಲೆ ತೊಗರಿ ಮಾರುತ್ತಿದ್ದರು.

ನಾನು ಮೊದಲ ವರ್ಷ ಪಾಸಾದೆ. ಮಾವ, "ಮೊದಲನೇದು ಎಲ್ಲರೂ ಆಗ್ತಾರ" ಅಂದರು.

ಎರಡನೇ ವರ್ಷದ ಚಳಿಗಾಲ, ಹೊಸ ತೊಗರಿ ಬರುವ ಸುಗ್ಗಿ. ಚಿತ್ತಾಪುರದ ಹಳೇ ದಲಾಲರೊಬ್ಬರು ಮಾವನ ಜೊತೆ ಟವೆಲ್ ಹಾಕಿ ಕೂತಿದ್ದರು. ನಾನು ಚಹಾ ತಂದಿದ್ದೆ. ಟವೆಲ್ ಅಲುಗಿತು, ನಿಂತಿತು, ಮತ್ತೆ ಅಲುಗಿತು. ದಲಾಲರು ಮಾವನ ಮೋರೆ ನೋಡಿದರು.

"ಏನ್ರಿ ಸಾಹುಕಾರ್ರ, ದರ ಹೇಳ್ಲಿಕತ್ತೀರೋ, ನನ್ನ ಕೈಯಾಗ ಉಂಗುರ ಹುಡಕ್ಲಿಕತ್ತೀರೋ?"

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆದರೆ ಅವರ ಕೈ ಟವೆಲ್ಲಿನಿಂದ ಹೊರಗೆ ಬಂದಾಗ ಅವರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು, ಯಾರದೋ ಬೆರಳು ನೋಡಿದ ಹಾಗೆ. ಬಾಯಿಂದಲೇ ದರ ಹೇಳಿದರು. ಆ ಅಡತಿಯಲ್ಲಿ ಹಾಗೆ ಆದದ್ದು ಅದೇ ಮೊದಲು.

ಆಮೇಲೆ ಒಂದೊಂದೇ. ಊಟ ಮಾಡಿ ಕೈ ತೊಳೆದು, ಅಡಿಕೆ ಹಾಕಿಕೊಂಡು, ಗಾದಿಗೆ ಹೋಗಿ ಸ್ವಲ್ಪ ಹೊತ್ತಿಗೆ ಒಳಗೆ ಬಂದು, "ಯಾಕ, ಇವತ್ತ ಊಟಕ್ಕ ಕರಿಯಾಂಗಿಲ್ಲೇನು?" ಅನ್ನುವರು. ಉಂಡೀರಿ ಅಂತ ಗಂಡನಿಗೆ ಹೇಳಲು ಅತ್ತಿಗೆ ಬಾಯಿ ಬರದು. ಹಸಿವು ಅಂದವರಿಗೆ ತಾಟು ಇಡದಿದ್ದರೆ ಆ ಮನೆಯಲ್ಲಿ ಪಾಪ. ಮತ್ತೆ ತಾಟು, ಮತ್ತೆ ರೊಟ್ಟಿ, ಮತ್ತೆ ತುಪ್ಪ. ಇಷ್ಟೂ ಸಾಲದು ಅಂತ, ಸಾಹುಕಾರ್ರಿಗೆ ಮರೆವು ಬಂದಿದೆ ಅಂತ ಸುದ್ದಿ ತಿಳಿದ ಬೀಗರು ಒಬ್ಬೊಬ್ಬರೇ ಬಂದರು. ತಲಿಗೆ ತಾಕತ್ ಬೇಕು ಅಂದರು. ಬದಾಮಿ ತುಪ್ಪದಲ್ಲಿ ಹುರಿದು ಕೊಡಿ ಅಂದರು. ಕುಂಚಾವರಂ ಕಾಡಿನ ಜೇನು ಶೀಸೆಯಲ್ಲಿ ಬಂತು. ಮುಂಜಾನೆ ಬದಾಮಿ ಹಲ್ವಾ, ಮಲಗುವಾಗ ಕೆನೆ ಹಾಲು. ಮರೆತಷ್ಟೂ ತಿನ್ನಿಸಿದರು, ತಿಂದಷ್ಟೂ ಮರೆತರು. ಆ ವರ್ಷದ ತುಲಾಭಾರಕ್ಕೆ ಹಿಂದೆಂದೂ ಹಿಡಿಯದಷ್ಟು ಬೆಲ್ಲ ಹಿಡಿಯಿತು. ಮಠದಲ್ಲಿ ಮಂದಿ ಕೈ ಮುಗಿದರು.

ಆ ಹೊತ್ತಿಗೆ ನಾನು ಕೊನೆಯ ವರ್ಷಕ್ಕೆ ಬಂದಿದ್ದೆ. ಚಿಂಚೋಳಿ ಕಡೆಯ ಒಬ್ಬ ಮೇಷ್ಟ್ರು ನಮಗೆ ಶರೀರಶಾಸ್ತ್ರ ಹೇಳುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಮೆದುಳು ಬರೆದು, ಅದರ ಒಳಗೆ ಕೂದಲೆಳೆಯಂಥ ರಕ್ತನಾಳ ಬರೆದರು. ಹೊಟ್ಟೆಯ ಸುತ್ತ ಕೂತ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ ಅಂದರು. ರಕ್ತದೊತ್ತಡ ಏರಿಸುತ್ತದೆ, ಸಕ್ಕರೆ ಕಾಯಿಲೆ ತರುತ್ತದೆ, ಕುತ್ತಿಗೆಯಲ್ಲಿ ಕೂತು ನಿದ್ದೆಯಲ್ಲಿ ಉಸಿರು ಕಟ್ಟಿಸುತ್ತದೆ. ಈ ಸಣ್ಣ ನಾಳಗಳು ವರ್ಷಗಟ್ಟಲೆ ಇದನ್ನೆಲ್ಲ ತಡೆದು ತಡೆದು ಒಂದೊಂದೇ ಮುಚ್ಚಿಕೊಳ್ಳುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ವಯಸ್ಸಾದಾಗ, ಕೆಲವರಿಗೆ ವಯಸ್ಸಾಗುವ ಮುಂಚೆಯೇ, ಮರೆವಾಗಿ ಕಾಣುತ್ತದೆ.

ನಾನು ಎದ್ದು ನಿಂತೆ. ಕ್ಲಾಸಿನಲ್ಲಿ ನನ್ನಷ್ಟು ದಪ್ಪ ಇದ್ದವರು ಬೇರೆ ಇರಲಿಲ್ಲ. ಕೆಲವರು ಆಗಲೇ ಕಿಸಕ್ಕೆಂದರು.

"ಸರ್, ಹಂಗಾದ್ರ ದಪ್ಪ ಇದ್ದವರು ದಡ್ಡರಾ?"

"ಯಾರ್ ಹೇಳಿದ್ರು ನಿನಗ?" ಅಂದರು. "ದಪ್ಪಕ್ಕೂ ದಡ್ಡತನಕ್ಕೂ ಏನ್ ಸಂಬಂಧ? ನಿನ್ನ ಮಾರ್ಕ್ಸ್ ಇವರ್ಯಾರಿಗೂ ಬಂದಿಲ್ಲ. ನಾ ಹೇಳಾಕತ್ತಿದ್ದು ಮುಪ್ಪಿಂದು. ನಡುವಯಸ್ಸಿನ್ಯಾಗ ಹೊಟ್ಟಿ ಹೊತ್ತು, ಬಿಪಿ ನೋಡದೆ, ಶುಗರ್ ನೋಡದೆ ಕುಂತವರ ತಲಿಗೆ ಮುಪ್ಪು ಜಲ್ದಿ ಬರಬಹುದು ಅಂತ. ಎಲ್ಲರಿಗೂ ಬರ್ತದ ಅಂತನೂ ಅಲ್ಲ. ಕುಂದ್ರು."

ಕೂತೆ. ಆಮೇಲೆ ಮೇಷ್ಟ್ರು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಕಾಲೇಜಿನಿಂದ ಮನೆಗೆ ಬರುವ ದಾರಿಯಲ್ಲಿ ಒಬ್ಬಳೇ ನಕ್ಕೆ. ಫ್ಯಾಕ್ಟರಿಯ ಸಿಮೆಂಟು ಧೂಳು ಕೂತ ಬೇವಿನ ಮರಗಳ ಕೆಳಗೆ ಹಬ್ಬಕ್ಕೆ ಹೊರಟವಳ ಹಾಗೆ ನಡೆದೆ. ತಿಂದದ್ದು ತಲೆಗೆ ಉಳಿಯುವುದಿಲ್ಲ ಅಂದಿದ್ದರಲ್ಲ, ಯಾರ ತಲೆಯಲ್ಲಿ ಉಳಿಯುತ್ತಿಲ್ಲ ಈಗ? ಅವತ್ತು ಮಾವ ಸಂಜೆ ಮತ್ತೊಮ್ಮೆ ಊಟ ಕೇಳಿದಾಗ ನಾನೇ ಎದ್ದು ತಾಟಿಟ್ಟೆ, ನಾನೇ ತುಪ್ಪ ಹಾಕಿದೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಒಂದು ದಿನ ಉಣ್ಣುತ್ತ ಉಣ್ಣುತ್ತ ಮಾವ ನನ್ನ ಕಡೆ ತಿರುಗಿದರು. ಅಷ್ಟು ಮೆತ್ತಗಿನ ದನಿ ನಾನು ಅವರ ಬಾಯಲ್ಲಿ ಕೇಳಿರಲಿಲ್ಲ.

"ನೀ ಏನ್ ಓದ್ಲಿಕತ್ತಿ ಈಗ, ತಂಗಿ?"

"ಡಿಗ್ರಿ, ಮಾವ."

"ಹೌದಾ? ಶಹಬ್ಬಾಸ್. ಓದು ಓದು. ಓದಬೇಕು. ನಮ್ಮ ಮನ್ಯಾಗ ಯಾರೂ ಓದಿಲ್ಲ."

ಮೈಮೇಲೆ ಬಿಸಿನೀರು ಸುರಿದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅಂದದ್ದನ್ನೇ ಮರೆತುಬಿಟ್ಟರೆ ಈ ಮನುಷ್ಯ ಏನನ್ನು ವಾಪಸ್ ತಗೊಳ್ಳುತ್ತಾನೆ? ತೊಗರಿ ಚೀಲದ ನಡುವೆ ಮಲಗಿ, ಮಾತು ನುಂಗಿ ನುಂಗಿ ನಾನು ಓದಿದ್ದು ಇವರ ಆಶೀರ್ವಾದ ತಗೊಳ್ಳಲಿಕ್ಕಾ? ನನಗೆ ಬೇಕಾಗಿದ್ದುದು ಮಠದ ಅಂಗಳದಲ್ಲಿ ನಕ್ಕ ಆ ಮಾವ. ಅವರು ಪೂರಾ ಕರಗುವ ಮುಂಚೆ ನನ್ನ ಕೈಗೆ ಡಿಗ್ರಿ ಬರಬೇಕು. ಬರುವ ತನಕ ಅವರ ತಲೆ ನಿಲ್ಲಬೇಕು. ಹೇಗಾದರೂ ಮಾಡಿ ನಿಲ್ಲಿಸಬೇಕು.

ಪುಣ್ಯಕ್ಕೆ ಮಾಡಿದೆ ಅಂತ ಯಾರೂ ತಿಳಿಯಬಾರದು, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಅತ್ತಿಯ ಬೆನ್ನು ಬಿದ್ದು, ಅಪ್ಪನನ್ನು ಶಹಾಬಾದಿನಿಂದ ಕರೆಸಿ, ಮಾವನನ್ನು ಗುಲ್ಬರ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಮಾವ ಮಿರ್ಚಿ ಭಜಿ ಕೇಳಿದರು, ಕೊಡಿಸಲಿಲ್ಲ. ಡಾಕ್ಟರು ನೋಡಿದರೆ ಬಿಪಿ ಇತ್ತು, ಶುಗರ್ ಇತ್ತು, ಎಷ್ಟು ವರ್ಷದಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ಡಾಕ್ಟರು ಗುಳಿಗೆ ಬರೆದರು. ತುಪ್ಪ, ಹಲ್ವಾ ಬಂದ್, ದಿನಾ ನಡೀಬೇಕು, ಅಂಗಾತ ಮಲಗಬಾರದು ಅಂದರು. "ಹೋದ ನೆನಪು ತಿರುಗಿ ತರೋದು ನನ್ನ ಕೈಯಾಗಿಲ್ಲ. ಇದ್ದದ್ದು ಉಳಸ್ಕೊಳ್ಳಾಕ ನೋಡ್ರಿ" ಅಂದರು. ನನಗೆ ಇದ್ದದ್ದೇ ಸಾಕಾಗಿತ್ತು.

ಮಾವ ಒಪ್ಪಲಿಲ್ಲ. "ಮೈ ಇಳದ್ರ ಮಂದಿ ಏನಂತಾರ? ಸಾಹುಕಾರ ಮುಳುಗ್ಯಾನ ಅಂತಾರ. ನಾಳಿಂದ ಒಂದು ಚೀಲ ಉದ್ರಿ ಸಿಗಂಗಿಲ್ಲ." ಅತ್ತಿಗೆ ತನ್ನದೇ ಹೆದರಿಕೆ: "ಗಂಡಗ ಹೊಟ್ಟಿಗೆ ಹಾಕವಲ್ಲಳು ಅಂತಾರ ನನಗ."

ನಾನು ಮಾವನ ಎದುರು ನಿಂತೆ. "ಬಿಡು ಅತ್ತಿ. ಸ್ಟೇಷನ್ ತನಕ ನಡೆಯೋದು ಮಾವಗ ಎಲ್ಲಿ ಆಗ್ತದ? ಆಗಂಗಿಲ್ಲ."

ಮಾವನ ಕಣ್ಣು ಕೆಂಪಾದವು. ಮರುದಿನ ಮುಂಜಾನೆ ನಾನು ಏಳುವ ಮುಂಚೆ ಕಟ್ಟೆಯ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದರು.

ಹೀಗೆ ಶುರುವಾಯಿತು. ಮುಂದೆ ಅವರು, ಹಿಂದೆ ನಾನು. ಸೇಡಂ ಪೇಟೆ ನೋಡಿ ನಕ್ಕದ್ದೇ ನಕ್ಕದ್ದು. ಚಹಾದಂಗಡಿಯವನು, "ದೂರ ಸರೀರೋ, ಎರಡು ಲೋಡ್ ಲಾರಿ ಬರ್ಲಿಕತ್ತಾವ" ಅಂದ. ಮಾವನಿಗೆ ಆ ಥರ ಮಾತು ಕೇಳಿ ಗೊತ್ತಿಲ್ಲ, ಮೋರೆ ಕಪ್ಪಿಟ್ಟಿತು. ನಾನು ಹಿಂದಿನಿಂದ, "ಕಾಲ ಎತ್ತಿ ಹಾಕ್ರಿ ಮಾವ, ನನಗ ಇದು ಬಾಲ್ಯದಿಂದ ರೂಢಿ ಅದ" ಅಂದೆ.

ನಡೆಯುವ ಹೊತ್ತು ವ್ಯರ್ಥ ಆಗಬಾರದು ಅಂತ ಪರೀಕ್ಷೆಯ ಪಾಠವನ್ನು ಗಟ್ಟಿಯಾಗಿ ಹೇಳುತ್ತ ನಡೆದೆ. ಆಮೇಲೆ ಮಾವನನ್ನೇ ಕೇಳತೊಡಗಿದೆ, ಮೇಷ್ಟ್ರು ಹಿಂದಿನ ಬೆಂಚಿನವರನ್ನು ಎಬ್ಬಿಸಿ ಕೇಳುವ ಹಾಗೆ.

"ಪಿತ್ತಕೋಶ ಎಲ್ಲದ, ಮಾವ?"

"ಯಕೃತ್ತಿನ ಕೆಳಗ."

"ನಿನ್ನೆ ಹೊಟ್ಟಿ ಕೆಳಗ ಅಂದಿದ್ರಿ."

"ನಿನ್ನೆದು ನೆನಪಿಲ್ಲ ನನಗ. ಮುಂದಿಂದು ಕೇಳು ಜೈಲರ್."

ನನಗೆ ಜೈಲರ್ ಅಂತಲೇ ಹೆಸರಾಯಿತು. ಹಲ್ವಾದ ಡಬ್ಬಿಯ ಕೀಲಿ ನನ್ನ ಸೊಂಟದಲ್ಲಿ. ರೊಟ್ಟಿ, ಪುಂಡಿ ಪಲ್ಯ, ಮೊಳಕೆ ಹೆಸರು, ಮಜ್ಜಿಗೆ, ಮುಗಿಯಿತು. ಮತ್ತೆ ಊಟ ಕೇಳಿದರೆ ಅತ್ತಿ ಒಳಗೆ ಹೋಗಿ ಕೂಡುವಳು, ನಾನು ಹೊರಗೆ ಬಂದು, "ಉಂಡೀರಿ. ತಲಿಗೆ ಉಳದಿಲ್ಲ ಅಷ್ಟೇ" ಅನ್ನುವೆ. ಹಾಗೆ ಅನ್ನುವಾಗ ಬಾಯಿಗೆ ರುಚಿ ಬರುತ್ತಿತ್ತು. ಅದೇ ಊಟ ನಾನೂ ಉಣ್ಣುತ್ತಿದ್ದೆ. ನನ್ನ ಮೈ ಸ್ವಲ್ಪ ಇಳಿಯಿತು, ಪೂರಾ ಇಳಿಯಲಿಲ್ಲ, ಇವತ್ತಿಗೂ ದಪ್ಪವೇ ಇದ್ದೇನೆ. ಆದರೆ ಬಿಪಿ ನೋಡಿಸಿಕೊಳ್ಳುವುದನ್ನು ಅವತ್ತಿನಿಂದ ಬಿಟ್ಟಿಲ್ಲ. ಬೋರ್ಡಿನ ಮೇಲಿನ ಆ ಎಳೆ ಎಲ್ಲರ ತಲೆಯಲ್ಲೂ ಇದೆ, ಸೇಡು ತೀರಿಸುವವರ ತಲೆಯಲ್ಲೂ.

ಬಿತ್ತನೆ ಹತ್ತಿರ ಬಂತು. ಪರೀಕ್ಷೆ ಮುಗಿಸಿ ನಾನೂ ಮಠಕ್ಕೆ ಹೋಗಿದ್ದೆ. ಮಾವ ತಟ್ಟೆಯಲ್ಲಿ ಕೂತರು. ಆಳುಗಳು ರೂಢಿಯ ಪ್ರಕಾರ ಬೆಲ್ಲ ಹೇರಿದರು, ಅರ್ಧ ರಾಶಿಗೇ ಮಾವನ ತಟ್ಟೆ ನೆಲ ಬಿಟ್ಟು ಮೇಲೆ ಹೋಯಿತು, ಮಾವ ಗಾಬರಿಯಿಂದ ಸರಪಳಿ ಹಿಡಿದರು. ಅರ್ಧ ಅನ್ನುವುದು ಮಂದಿ ಆಡಿಕೊಂಡ ಮಾತು, ಮಾವನ ಮೈ ಅಷ್ಟೇನೂ ಇಳಿದಿರಲಿಲ್ಲ. ಆದರೆ ಮಿಕ್ಕ ಪೆಂಟಿಗಳು ಎಲ್ಲರ ಕಣ್ಣೆದುರು ನೆಲದ ಮೇಲೆ ಉಳಿದವು. ಯಾರೂ ತಲೆದೂಗಲಿಲ್ಲ. ಗುಸುಗುಸು ಶುರುವಾಯಿತು. "ಧಂದೆ ಕುಂತದೇನು?" "ಜಡ್ಡು ಅಂತ." "ಪಾಪ, ಹ್ಯಾಂಗಿದ್ದ ಮನುಷ್ಯಾ."

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಕಂಬದ ಹತ್ತಿರ, ಅವರಿಗೆ ಕಾಣುವ ಹಾಗೆ ನಿಂತಿದ್ದೆ. ಹತ್ತಾರು ಮಂದಿಯ ನಡುವೆ ಮೈಯನ್ನು ತೂಗಿ ಬೆಲೆ ಕಟ್ಟುವುದು ಅಂದರೆ ಏನು ಅಂತ ಅವರಿಗೆ ಗೊತ್ತಾಗಲಿ ಅನ್ನಿಸಿತು. ಗೊತ್ತಾಯಿತು. ಅವರು ತಲೆ ತಗ್ಗಿಸಿದ್ದನ್ನು ನಾನು ಹೊಟ್ಟೆ ತುಂಬ ನೋಡಿದೆ.

ಮರುದಿನ ಮುಂಜಾನೆ ಕಟ್ಟೆಯ ಮೇಲೆ ಮಾವ ಇರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಹಲ್ವಾ ಮಾಡಸ್ರಿ. ನಾ ಬರಂಗಿಲ್ಲ ಎಲ್ಲೂ. ಮಂದಿ ನಗ್ತದ."

"ನಗಲಿ. ನನ್ನ ನೋಡಿ ಮೂರು ವರ್ಷ ನಕ್ಕೇದ, ನಾ ಕಾಲೇಜಿಗೆ ಹೋಗೋದು ಬಿಟ್ಟೀನೇನು? ನಿಮಗ ಒಂದು ದಿನ ತಡಕೊಳ್ಳೋದು ಆಗವಲ್ದು."

ಮಾವ ಎದ್ದು, ಗೊಣಗುತ್ತ, ಚಪ್ಪಲಿ ಹುಡುಕಿದರು.

ವಾಸಿ ಆಯಿತು ಅಂತ ಸುಳ್ಳು ಹೇಳುವುದಿಲ್ಲ. ಟವೆಲ್ಲಿನ ಕೆಳಗಿನ ಲೆಕ್ಕ ಅವರ ಬೆರಳಿಗೆ ತಿರುಗಿ ಬರಲಿಲ್ಲ, ವ್ಯಾಪಾರವನ್ನು ಪರವೂರಿನಲ್ಲಿದ್ದ ಅವರ ಮಗ ಬಂದು ನೋಡತೊಡಗಿದ. ಕೇಳಿದ್ದನ್ನೇ ಕೇಳುವುದು ಇತ್ತು. ಆದರೆ ಹಗಲು ನಿದ್ದೆ ಕಡಿಮೆಯಾಯಿತು, ನೆನಪು ಜಾರುವ ವೇಗ ಇಳಿಯಿತು ಅನ್ನಿಸಿತು. ನಡಿಗೆಯಿಂದಲೋ, ಗುಳಿಗೆಯಿಂದಲೋ, ನನ್ನ ಕಾಟದಿಂದಲೋ. ನನಗೆ ಬೇಕಾದ ಆ ಒಂದು ನೆನಪು ಉಳಿದಿದೆಯೋ ಇಲ್ಲವೋ ಮಾತ್ರ ಗೊತ್ತಾಗಲಿಲ್ಲ. ಕೇಳಿ ನೋಡಬಹುದಿತ್ತು. ಕೇಳಿದರೆ ನಾನೇ ಅವರಿಗೆ ಹೇಳಿಕೊಟ್ಟ ಹಾಗೆ ಆಗುತ್ತಿತ್ತು, ಹೇಳಿಕೊಟ್ಟದ್ದನ್ನು ವಾಪಸ್ ತಗೊಂಡರೆ ಅದಕ್ಕೇನು ಕಿಮ್ಮತ್ತು? ಬಾಯಿ ಮುಚ್ಚಿಕೊಂಡಿದ್ದೆ.

ರಿಸಲ್ಟ್ ಬಂತು, ಫಸ್ಟ್ ಕ್ಲಾಸ್. ಘಟಿಕೋತ್ಸವದ ಸರ್ಟಿಫಿಕೇಟ್ ಬರುವುದಕ್ಕೆ ಮತ್ತೆಷ್ಟೋ ತಿಂಗಳು ಹಿಡಿಯಿತು. ತಗೊಂಡ ದಿನವೇ ಗುಲ್ಬರ್ಗದಿಂದ ಗಾಡಿ ಹತ್ತಿದೆ. ಶಹಾಬಾದ್ ಸ್ಟೇಷನ್ನಿನಲ್ಲಿ ಅವ್ವ ಹತ್ತಿದಳು. ನನ್ನ ಎದೆಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿತ್ತು. "ಅವನಿಗೆ ಹುಷಾರಿಲ್ಲ, ಹೆಚ್ಚು ಆಡಬ್ಯಾಡ" ಅಂದಳು.

ಅಡತಿಯಲ್ಲಿ ಸಂತೆ ದಿನದ ಮಂದಿ. ಹಳೇ ದಲಾಲರು, ಆಳುಗಳು, ಹಳ್ಳಿಯ ರೈತರು. ಮಾವ ಗಾದಿಯ ಮೂಲೆಯಲ್ಲಿ ಕೂತಿದ್ದರು. ಅತ್ತಿ ಒಳಬಾಗಿಲಲ್ಲಿ. ನಾನು ಸೀದಾ ಹೋಗಿ ಸರ್ಟಿಫಿಕೇಟನ್ನು ಅವರ ಕೈಯಲ್ಲಿ ಇಟ್ಟೆ. ಏನಂತ ಹೇಳಲಿಲ್ಲ.

ತಿರುವಿ ನೋಡಿದರು. "ಯಾರದಿದು?" ಅಂದರು.

ಅವ್ವ ನನ್ನ ರಟ್ಟೆ ಹಿಡಿದುಕೊಂಡಳು.

ಮಾವ ಕಾಗದವನ್ನು ಕಣ್ಣಿಗೆ ಹತ್ತಿರ ತಂದು, ಕನ್ನಡದಲ್ಲಿ ಬರೆದಿದ್ದ ನನ್ನ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅಪ್ಪನ ಹೆಸರು ಓದಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು, ಮೇಲಿಂದ ಕೆಳಗೆ. ಗಾದಿಯ ಮೇಲೆ ಕೈ ಊರಿ, ಮೊಣಕಾಲು ಹಿಡಿದು, ಎದ್ದು ನಿಂತರು.

"ಕೇಳ್ರಿ ಇಲ್ಲಿ," ಅಂದರು. "ತಿಂದದ್ದು ಮೈಗೆ ಹತ್ತೇದ, ಇಕಿ ಕೈಯಿಂದ ಡಿಗ್ರಿ ಆಗಂಗಿಲ್ಲ ಅಂತ ನಾ ಅಂದಿದ್ದೆ. ಮಠದಾಗ ಅಂದಿದ್ದೆ, ಇವರಪ್ಪ ಕೈ ಕಟ್ಟಿ ನಿಂತಿದ್ದ. ನಮ್ಮಕ್ಕಗೂ ಕೂಡಿಸಿ ಅಂದಿದ್ದೆ. ಅದು ಸುಳ್ಳು. ವಾಪಸ್ ತಗೊಂಡೀನಿ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅವ್ವ ನನ್ನ ರಟ್ಟೆ ಬಿಟ್ಟು ಸೆರಗು ಸರಿ ಮಾಡಿಕೊಂಡಳು. ಈ ಸಲ ಅವಳು ನಗಲಿಲ್ಲ, ತಮ್ಮನ ಮುಖವನ್ನೇ ನೆಟ್ಟಗೆ ನೋಡಿದಳು. ನಾನು ಕೈ ಚಾಚಿ ಸರ್ಟಿಫಿಕೇಟ್ ತಿರುಗಿ ಕೇಳಿದೆ. ಮಾವ ಕೊಡದೆ ಮತ್ತೊಮ್ಮೆ ಓದಲು ಕೂತರು.

ಬಾಗಿಲಲ್ಲಿದ್ದ ಅತ್ತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಇವತ್ತ ಯಾವ ವಾರ ಅಂತ ಮುಂಜಾನಿಂದ ಕೇಳಿದ್ದೇ ಕೇಳಾಕತ್ತಾರ. ನಿನಗ ಅಂದದ್ದು ಮಾತ್ರ ಒಂದಕ್ಷರ ಬಿಟ್ಟಿಲ್ಲ ನೋಡು."